ಬರೆದು ಕೊಡಲಾಗದ ಮಾತು

೧೯೭೫ರ ಜೂನ್ ೨೫ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆ ಮಳೆಗಾಲದಲ್ಲಿ ಹುಂಚದ ಬಳಿ ನಡೆದ ತಾಳಮದ್ದಳೆಗೆ ಕಾನ್‌ಸ್ಟೇಬಲ್ ಒಬ್ಬರು ಬಂದು, ಏನೇನು ಮಾತಾಡುತ್ತೀರೋ ಬರೆದು ಕೊಡಿ ಎಂದರು. ವೇಷವಿಲ್ಲದೆ ಕುಳಿತು, ಭಾಗವತರ ಹಾಡಿಗೆ ಸ್ಥಳದಲ್ಲೇ ಮಾತು ಕಟ್ಟುವ ಕಲೆ ಅದು, ಬರೆದದ್ದೇನೂ ಇರುವುದಿಲ್ಲ. ಭಾಗವತರು ಹಾಡಿನ ಪುಸ್ತಕವನ್ನೇ ಕೊಟ್ಟರು. ಅದಕ್ಕೆ ಠಾಣೆಯ ಮೊಹರು ಬಿದ್ದು ವಾಪಸು ಬಂತು. ಮಾತು ಎಂದಿನಂತೆ ನಡೆಯಿತು. ಕೇಳುಗರಲ್ಲಿ ನಾನೂ ಇದ್ದೆ.

ಈ ವರ್ಷ ಸಾಗರದ ತಾಳಮದ್ದಳೆ ಕೂಟವೊಂದರಲ್ಲಿ ನನ್ನ ಗೆಳೆಯ, ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು, ಮಂತ್ರಿಯ ಪಾತ್ರದಲ್ಲಿ ರಾಜನಿಗೆ ಹೇಳಿದರು: "ಪ್ರಭೂ, ಊರೆಲ್ಲ ಒಂದೇ ಸಮನೆ ಹೊಗಳುತ್ತಿದ್ದರೆ, ಒಮ್ಮೆ ಕಾವಲಿನವರನ್ನು ದೂರ ಕಳುಹಿಸಿ ನೀನೇ ಕೇಳಿ ನೋಡು." ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ರಾಜನ ಉತ್ತರವನ್ನು ಕತ್ತರಿಸಿ, ಮೇಷ್ಟ್ರು ಈಗ ಆಳುವವರ ವಿರುದ್ಧ ಭಾಷಣ ಮಾಡಿದರೆಂದು ಹಂಚಿದರು.

ಹೊಸನಗರದ ಕೂಟಕ್ಕೆ ಅದೇ ಪಾತ್ರವನ್ನು ಅವರು ಒಪ್ಪಿಕೊಂಡಿದ್ದರು. ಅಲ್ಲಿನ ಸಂಘಟಕರು ಮನೆಗೆ ಬಂದಾಗ ನಾನು ಅಲ್ಲೇ ಕುಳಿತಿದ್ದೆ.

"ಬ್ಯಾನ್ ಅಂತ ಯಾರೂ ಹೇಳಿಲ್ಲ ಗುರುಗಳೇ. ಮಾತು ಬರೆದು ಕೊಡಿ, ತೋರಿಸಿ ಬರ್ತೀನಿ ಅಷ್ಟೆ."

"ಎದುರಿಗೆ ಕೂತಂವ ಎಂತ ಹೇಳ್ತ ಅಂತ ನಂಗೆ ಮೊದ್ಲೇ ಗೊತ್ತಿದ್ದಾ ಮಾರಾಯಾ? ರಾಜಂದೂ ನಾನೇ ಬರೆಯವಾ?"

ಸಂಘಟಕರು ನಕ್ಕರು. ಆದರೆ ಏಳಲಿಲ್ಲ.

"ಯಾರಿಗೆ ತೋರಿಸ್ತೀರಿ?" ಎಂದು ಕೇಳಿದೆ.

"ನೀವು ಪೇಪರ್‌ನವ್ರು, ಅದನ್ನೆಲ್ಲ ಕೇಳ್ಬೇಡಿ. ನಾನು ಆ ಊರಲ್ಲೇ ಅಂಗಡಿ ನಡೆಸ್ಬೇಕು."

ಹೊಸನಗರದ ಠಾಣೆಗೆ ಫೋನ್ ಮಾಡಿದೆ. ದೂರು ಬಂದಿಲ್ಲ, ತಾವು ಏನನ್ನೂ ಕೇಳಿಲ್ಲ ಎಂದರು. ಕಚೇರಿಗಳಲ್ಲಿ ವಿಚಾರಿಸಿದೆ, ಆದೇಶವಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಕೇಳಲು ಬಂದವರ ಎದೆಯ ಮೇಲೆ ನಂಬರಿನ ಬಿಲ್ಲೆ ಇತ್ತು. ಈಗ ಪ್ರಶ್ನಿಸಲು ಆದೇಶವಿಲ್ಲ, ಸುದ್ದಿ ಮಾಡಲು ಹೇಳಿಕೆಯಿಲ್ಲ. ಸಂಘಟಕರ ಹೆಸರು ಹಾಕಿ ಬರೆದರೆ ಸಿಕ್ಕಿಬೀಳುವವರು ಅವರೊಬ್ಬರೇ.

ಮೇಷ್ಟ್ರು ಬರೆದು ಕೊಡಲಿಲ್ಲ. ಸಂಘಟಕರು ಆ ಪಾತ್ರಕ್ಕೆ ಬೇರೆ ಇಬ್ಬರನ್ನು ಕೇಳಿದರು, ಇಬ್ಬರೂ ಜ್ವರವೆಂದರು.

ಕೂಟ ನಡೆಯಿತು. ಭಾಗವತರು ಮಂತ್ರಿಯ ಹಾಡನ್ನು ಪೂರ್ತಿ ಹಾಡಿದರು. ಮಾತಾಡಲು ಅಲ್ಲಿ ಯಾರೂ ಕುಳಿತಿರಲಿಲ್ಲ. ಕೇಳದ ಪ್ರಶ್ನೆಗೆ ರಾಜ ಉತ್ತರ ಕೊಟ್ಟ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಮೇಷ್ಟ್ರಿಗೆ ಬಂದಿದ್ದ ಬೇರೆ ಊರಿನ ಕೂಟಗಳ ಆಹ್ವಾನಗಳೂ ಫೋನಿನಲ್ಲೇ ರದ್ದಾದವು. ಠಾಣೆಯಲ್ಲಿ ಇಂದಿನವರೆಗೆ ಯಾವ ದೂರೂ ದಾಖಲಾಗಿಲ್ಲ.