ಒಂದು ಮುಚ್ಚಳ ರೈ

ಮೊನ್ನೆ ಸಂಜೆ ನನ್ನ ಮೈದುನನ ಮಗ ಶಿವಪ್ಪ ಮನೆಗೆ ಬಂದ. ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಅವನದೊಂದು ಸಣ್ಣ ಲಾಡ್ಜು ಇದೆ. ಗುಮ್ಮಟ ನೋಡಲು ಬಂದ ಪರದೇಶದ ಪ್ರವಾಸಿಯೊಬ್ಬ ಕೋಣೆ ಬಿಡುವಾಗ ಅರ್ಧ ಬಾಟಲಿ ಸೆರೆ ಬಿಟ್ಟು ಹೋಗಿದ್ದನಂತೆ. ಶಿವಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕದ್ದ ಕೂಸನ್ನು ತಂದವನ ಹಾಗೆ ಆಚೀಚೆ ನೋಡುತ್ತ ನನ್ನ ಮುಂದಿಟ್ಟ.

“ದೊಡ್ಡವ್ವಾ, ಇದನ್ನ ಮನ್ಯಾಗ ಇಡಾಕ ನಮ್ಮಾಕಿ ಒಲ್ಲೆ ಅಂತಾಳ. ಚೆಲ್ಲಾಕ ನನಗ ಮನಸ್ಸಿಲ್ಲ. ಇದು ಏನೈತಿ, ಒಂಚೂರು ನೋಡಿ ಹೇಳು.”

ನೋಡಲು ಕನ್ನಡಕ ಹುಡುಕಬೇಕು. ಅದಕ್ಕಿಂತ ಮೂಗು ಹತ್ತಿರ. ಮುಚ್ಚಳ ತಿರುವಿ ಮೂಸಿದೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅರ್ಧ ಹಲ್ಲು ಇರುವ ಮುದುಕಿ ಸೆರೆಯ ಬಾಟಲಿ ಮೂಸುವುದನ್ನು ಕಂಡು ಶಿವಪ್ಪ ಕಣ್ಣು ಪಿಳುಕಿಸಲಿಲ್ಲ. “ರೈ ವಿಸ್ಕಿ,” ಎಂದೆ. “ಅಮೆರಿಕಾದ್ದು.” ಅವನ ಮುಖದ ಬಣ್ಣವೇ ಇಳಿಯಿತು. ನೀವೂ ಗಾಬರಿಯಾಗಬೇಡಿ. ನನಗೆ ಗೊತ್ತಿರುವ ಸೆರೆ ಇದೊಂದೇ, ಅದನ್ನು ಕಲಿಸಿದವರು ಕೈ ಹಿಡಿದ ಗಂಡ.

ನನ್ನ ತವರು ಬಬಲೇಶ್ವರ, ಕೊಟ್ಟದ್ದು ಟಿಕೋಟಾಕ್ಕೆ. ಮದುವೆಯಾದ ವರ್ಷವೇ ನಮ್ಮವರು ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಲಾರಿ ನಡೆಸಲು ಅಸ್ಸಾಮಿಗೆ ಹೋದರು. ಹೋಗುವಾಗ ಮಾತಿನ ಮಲ್ಲ. ಮದುವೆಯ ಹಂದರದಲ್ಲೇ ನನ್ನ ಅಕ್ಕಂದಿರನ್ನೆಲ್ಲ ಚೇಷ್ಟೆ ಮಾಡಿ ಬೈಸಿಕೊಂಡಿದ್ದರು. ಯುದ್ಧ ಮುಗಿದು ತಿರುಗಿ ಬಂದವರು ಬೇರೆ ಯಾರೋ. ಉಣ್ಣು ಎಂದರೆ ಉಣ್ಣುವರು, ಮಲಗು ಎಂದರೆ ಮಲಗುವರು. ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿಯೂ ಇರಲಿಲ್ಲ. ಹಿರಿಯರು ಎಂದರೆ ಅತ್ತೆ, ಮಾವ, ಮಾವನ ಅಣ್ಣ, ಅವರ ಹೆಂಡತಿ. ಇಷ್ಟು ಜನರ ಕಣ್ಣು ತಪ್ಪಿಸಿ ಮಾತಾಡಲು ಜಾಗವಾದರೂ ಎಲ್ಲಿ? ಮಾತಿಲ್ಲದ ಆ ಮನುಷ್ಯನ ತಾಟಿಗೆ ರೊಟ್ಟಿ ಹಾಕುವಾಗ ನನಗೆ, ಯುದ್ಧ ನನ್ನ ಗಂಡನನ್ನು ಇಟ್ಟುಕೊಂಡು ಅವರ ಅಂಗಿಯನ್ನಷ್ಟೇ ಕಳಿಸಿದೆ ಅನ್ನಿಸುತ್ತಿತ್ತು.

ನಮ್ಮನ್ನು ಕೂಡಿಸಿದ್ದು ಗುಬ್ಬಿಗಳು. ಹಿಂಗಾರಿ ಜೋಳ ಹಾಲುಗಟ್ಟಿ ಹಕ್ಕಿಯ ಹಿಂಡು ಇಳಿಯುವ ಕಾಲ. ಹೊಲದ ನಡುವೆ ಅಟ್ಟಣಿಗೆ ಕಟ್ಟಿ ನಮ್ಮವರನ್ನು ಕಾಯಲು ಕೂರಿಸಿದರು. ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಬುತ್ತಿ ಉಂಡು ಕೈ ತೊಳೆದವರು ಅಟ್ಟಣಿಗೆಯಿಂದ ಇಳಿದು, ಒಣ ಜೋಳದ ದಂಟಿನ ಕಣಿಕೆ ಬಣವೆಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಬಾಟಲಿ ತೆಗೆದರು. ಒಳಗೆ ಬೆಲ್ಲದ ಚಹಾದ ಬಣ್ಣದ ನೀರು. ಅದರ ಮುಚ್ಚಳಕ್ಕೇ ಒಂದಿಷ್ಟು ಸುರುವಿ ನನ್ನ ಕೈಗೆ ಕೊಟ್ಟರು.

“ಕುಡೀಬ್ಯಾಡ. ಮೊದಲ ಅಂಗೈಯಾಗ ಹಿಡಕೊಂಡು ಬೆಚ್ಚಗ ಮಾಡು. ಆಮ್ಯಾಗ ಬಾಯಿ ಸ್ವಲ್ಪ ತೆರದು ಮೂಸು. ಏನ ನೆನಪಾಗ್ತೈತಿ ಹೇಳು.”

ಊರಿಗೆ ಬಂದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು. ಅದಕ್ಕಾಗಿ ಸೀಮೆಎಣ್ಣೆ ಕೊಟ್ಟಿದ್ದರೂ ಮೂಸುತ್ತಿದ್ದೆ. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. “ಕರಿಮೆಣಸು ಕುಟ್ಟಿದಂಗ ಐತ್ರಿ,” ಎಂದೆ. “ಹೌದು. ಇನ್ನ?” “ಅಜವಾನ.” “ಇನ್ನ?” “ಹೂರಣ ತಳ ಹಿಡದಾಗ ಬರ್ತೈತಲ್ರಿ, ಹಂಗ.” ಅವರು ನನ್ನ ಮುಖ ನೋಡಿದರು. ಮದುವೆಯಲ್ಲಿ ಅಂತರಪಟ ಸರಿಸಿದಾಗ ನೋಡಿದ್ದರಲ್ಲ, ಹಾಗೆ.

ಆಮೇಲೆ ಒಂದು ಹನಿ ನಾಲಿಗೆಯ ಮೇಲೆ. ತಕ್ಷಣ ನುಂಗಬಾರದು, ನಾಲಿಗೆಯ ತುಂಬ ಹರಡಲು ಬಿಡಬೇಕು. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಬೇಕು. “ಹೋಗೂವಾಗ ಏನ ಹೇಳಿ ಹೋಗ್ತೈತಿ, ಅದನ್ನ ಕೇಳು,” ಎನ್ನುತ್ತಿದ್ದರು. ನನಗೆ ಒಮ್ಮೆ ಬಡಿಗ ಹೊಸ ನೊಗ ಕೆತ್ತುವಾಗ ಬರುವ ಕಟ್ಟಿಗೆಯ ವಾಸನೆ ಸಿಕ್ಕಿತು, ಇನ್ನೊಮ್ಮೆ ಸುಟ್ಟ ಎಳೆ ಜೋಳದ ಸೀತನಿಯದು. ಸಿಗದ ದಿನ ಸುಳ್ಳು ಹೇಳುತ್ತಿದ್ದೆ. ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ನಗುತ್ತಿದ್ದರು. ಒಂದೊಂದು ಮುಚ್ಚಳಕ್ಕೆ ಒಂದೊಂದು ಮಾತು ಹೊರಬಂತು. ರೈ ಎಂದರೆ ಚಳಿ ದೇಶದ ಕಾಳು, ನಮ್ಮ ಗೋಧಿಯ ಬಡ ತಮ್ಮ. ಅದನ್ನು ನೆನೆಸಿ, ಹುಳಿ ಬರಿಸಿ, ಕಾಯಿಸಿ ಇಳಿಸಿ, ಒಳಗೆ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಕೆಸರಲ್ಲಿ ಹೂತಿದ್ದ ಅಮೆರಿಕನ್ ಸಾರ್ಜೆಂಟನ ಲಾರಿಯನ್ನು ಎಳೆದು ಕೊಟ್ಟದ್ದಕ್ಕೆ ಅವನು ಇಬ್ಬರಿಗೆ ಸೇರಿ ಈ ಬಾಟಲಿ ಕೊಟ್ಟಿದ್ದ.

“ಇಬ್ರು ಅಂದ್ರ?”

ಇನ್ನೊಬ್ಬ ಹೊನವಾಡದ ಖಾಜಾ, ನಮ್ಮವರ ಜೊತೆಗೇ ಲಾರಿ ನಡೆಸುತ್ತಿದ್ದವನು. ಅವನ ಅಪ್ಪ ಉರುಸಿನಿಂದ ಉರುಸಿಗೆ ಅತ್ತರು ಮಾರುತ್ತಿದ್ದನಂತೆ. ಖಾಜಾ ಸೆರೆ ಮುಟ್ಟುವವನಲ್ಲ. ಆದರೆ ಮೂಸುವುದಕ್ಕೆ ಯಾವ ಅಡ್ಡಿ ಎಂದು, ಹಗಲ ಬಿಡುವಿನಲ್ಲಿ ಲಾರಿಯ ನೆರಳಿಗೆ ಕೂತು ಮುಚ್ಚಳ ಮೂಗಿಗೆ ಹಿಡಿಯುತ್ತಿದ್ದ. ಕಣ್ಣು ಮುಚ್ಚಿಕೊಂಡು, “ನಮ್ಮವ್ವ ರೊಟ್ಟಿ ತಟ್ಟಾಕತ್ತಾಳ ನೋಡಲೇ,” ಎನ್ನುತ್ತಿದ್ದ. ಅವನು ಮೂಸಿದ್ದನ್ನು ನಮ್ಮವರು ಕುಡಿಯುತ್ತಿದ್ದರು. ಊರ ಹಂಬಲಕ್ಕೆ ಇಬ್ಬರೂ ಕಂಡುಕೊಂಡ ಆಟ ಅದು. ಒಂದು ಮಳೆಗಾಲ ಜ್ವರ ಬಂದು ಖಾಜಾ ಅಲ್ಲೇ ಮಣ್ಣಾದ. ಬಾಟಲಿ ಮುಕ್ಕಾಲು ಉಳಿದಿತ್ತು.

“ಅವರವ್ವನ್ನ ಕಂಡ ಬಂದ್ರೇನು?” ಎಂದು ಕೇಳಿದೆ. ಹೊನವಾಡ ಎಷ್ಟು ಮಹಾ ದೂರ, ಬೆಳಗಿನ ಜಾವ ಎತ್ತಿನ ಚಕ್ಕಡಿ ಹೂಡಿದರೆ ರಾತ್ರಿ ಊಟದ ಹೊತ್ತಿಗೆ ತಿರುಗಿ ಬರಬಹುದು.

ಅವರು ಕವಣೆಗೆ ಕಲ್ಲಿಟ್ಟು ಹಕ್ಕಿಯೇ ಇಲ್ಲದ ಕಡೆ ಬೀಸಿದರು. “ಯಾವ ಮಾರಿ ಇಟಕೊಂಡು ಹೋಗ್ಲಿ? ಜೋಡಿಲೆ ಹೋದವ ಒಬ್ಬನ ಬಂದೇನಿ. ಇದು ಮುಗೀಲಿ. ಇದರಾಗ ಅವನ ಪಾಲು ಐತಿ. ಮುಗದ ದಿನ ಹೋಗ್ತೇನಿ.”

ಆಗ ನನಗೆ ಮುಚ್ಚಳದ ಅಳತೆ ತಿಳಿಯಿತು. ರುಚಿಗಾಗಿಯಷ್ಟೇ ಅಲ್ಲ, ಆ ತಾಯಿಯ ಮುಖ ನೋಡುವ ದಿನವನ್ನು ಮುಂದೆ ಹಾಕಲೂ ಅವರು ಅಷ್ಟಷ್ಟೇ ಸುರುವುತ್ತಿದ್ದರು. ತಿಳಿದೂ ನಾನು ಏನು ಬಯಸಿದೆ ಗೊತ್ತೇ? ಬಾಟಲಿ ಮುಗಿಯದಿರಲಿ ಎಂದು. ಅದು ಮುಗಿದರೆ ಮಾತೂ ಮುಗಿಯುತ್ತದೆ, ಮತ್ತೆ ಮನೆಯಲ್ಲಿ ಅಂಗಿಯೊಂದೇ ಓಡಾಡುತ್ತದೆ ಎಂಬ ಹೆದರಿಕೆ ನನಗೆ.

ತಳದಲ್ಲಿ ಒಂದು ಬೆರಳಷ್ಟು ಉಳಿದಾಗ ನನಗೊಂದು ಉಪಾಯ ಹೊಳೆಯಿತು. ನೀವು ನಗುತ್ತೀರಿ, ನಗಿ. ಕಾಳು ನೆನೆಸಿ ಹುಳಿ ಬರಿಸಿದ್ದು ಎಂದು ಅವರೇ ಹೇಳಿದ್ದರಲ್ಲ. ನಮ್ಮ ಮನೆಯಲ್ಲಿ ಗಡಿಗೆ ಮೊಸರು ಖಾಲಿಯಾಗಲು ಯಾವತ್ತಾದರೂ ಬಿಟ್ಟದ್ದುಂಟೆ? ಬುಡದಲ್ಲಿ ಒಂದು ಚಮಚ ಉಳಿಸಿ ಹಾಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಗಡಿಗೆ ತುಂಬ ಮೊಸರು. ವಿಸ್ಕಿಗೂ ಅದೇ ದಾರಿ ಎಂದುಕೊಂಡೆ. ಬುತ್ತಿಯ ಜೊತೆ ಒಯ್ದಿದ್ದ ಜೋಳದ ಅಂಬಲಿಯನ್ನು ಬಾಟಲಿಯ ಕೊರಳ ತನಕ ಸುರುವಿ, ಮುಚ್ಚಳ ಬಿಗಿದು, ಬಣವೆಯ ಬೆಚ್ಚನೆಯ ಜಾಗದಲ್ಲಿ ಹುಗಿದೆ. ಮರುದಿನದಿಂದ ಕೆಲವು ದಿನ ನಮ್ಮವರು ಮಾವನ ಜೊತೆ ಬಬಲೇಶ್ವರದ ಕಡೆ ಎತ್ತು ನೋಡಲು ಹೋಗಿದ್ದರು. ಹೆಪ್ಪಾಗಲು ಬೇಕಾದಷ್ಟು ಸಮಯ ಸಿಕ್ಕಿತು.

ಅವರು ಬಂದು ಮುಚ್ಚಳ ತಿರುವಿದ್ದೇ ತಡ, ಬಾಟಲಿ ಬುಸ್ಸೆಂದು ಉಕ್ಕಿ ಅವರ ಮೀಸೆ, ಅಂಗಿ, ಧೋತರ ಎಲ್ಲ ಅಂಬಲಿಯಾಯಿತು. ನಾನು ಸೆರಗನ್ನು ಬಾಯಿಗೆ ಒತ್ತಿ ನಿಂತೆ.

“ಏನ ಮಾಡಿದಿ?”

“ಹೆಪ್ಪ ಹಾಕಿದ್ನಿರಿ. ಮುಗೀಬಾರ್ದಂತ.”

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಉಳಿದದ್ದನ್ನು ಮುಚ್ಚಳಕ್ಕೆ ಸುರುವಿ, ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಬಾಯಿ ತುಸು ತೆರೆದು ಮೂಸಿದರು. ನಾಲಿಗೆಯ ಮೇಲೆ ಹರಡಿದರು. ನುಂಗಿ, ಮೂಗಿನಿಂದ ಉಸಿರು ಬಿಟ್ಟರು. “ಹುಳಿ ಐತಿ. ನಮ್ಮ ಅಡಗಿಮನಿ ಗಡಿಗಿ ಐತಿ. ಅಮೆರಿಕಾ ಎಲ್ಲೂ ಇಲ್ಲ,” ಎಂದು ನಗತೊಡಗಿದರು. ನಗುತ್ತ ನಗುತ್ತ ಕೂತರು, ಕೂತವರು ಅಳತೊಡಗಿದರು. ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗಿನಿಂದ ಮೀಸೆಯ ಅಂಬಲಿ ಒರೆಸಿದೆ, ಕಣ್ಣು ಒರೆಸಿದೆ. “ಮುಗೀತಲ್ಲ,” ಎಂದರು. “ನಾಳಿಗೆ ಹೊನವಾಡಕ್ಕ ಹೋಗೂನು. ನೀನೂ ಬಾ. ನನಗ ಒಬ್ಬನ ಹೋಗಾಕ ಆಗೂದಿಲ್ಲ.”

ಖಾಜಾನ ತಾಯಿ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದಳು. ಸಾವಿನ ಸುದ್ದಿ ಸರ್ಕಾರದಿಂದ ಮೊದಲೇ ಬಂದಿತ್ತು. ಅದನ್ನು ಅವಳು ಎತ್ತಲಿಲ್ಲ. “ಅಲ್ಲಿ ನನ್ನ ಮಗಗ ಹೊಟ್ಟಿಗೆ ಏನ ಕೊಡತಿದ್ರಪಾ?” ಎಂದಷ್ಟೇ ಕೇಳಿದಳು. ನಮ್ಮವರು ತಲೆ ತಗ್ಗಿಸಿ, ತಡೆದು ತಡೆದು, ಬಾಟಲಿಯ ಕಥೆಯನ್ನೇ ಹೇಳಿದರು.

“ಕುಡದನೇನು?”

“ಇಲ್ಲ ಯವ್ವಾ. ಮೂಸತಿದ್ದ ಅಷ್ಟ. ಮೂಸಿ, ನಮ್ಮವ್ವ ರೊಟ್ಟಿ ತಟ್ಟಾಕತ್ತಾಳ ಅಂತಿದ್ದ.”

ಅವಳು ಎದ್ದು ಒಳಗೆ ಹೋದಳು. ನಾವು ಏಳಬೇಕೋ ಕೂರಬೇಕೋ ತಿಳಿಯದೆ ಮುಖ ನೋಡಿಕೊಳ್ಳುತ್ತಿದ್ದಾಗ ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಕೇಳಿಸಿತು. ಆ ಕಾಲದಲ್ಲಿ ನಮ್ಮ ಮಂದಿ ಅವರ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಇಬ್ಬರೂ ಹೊಟ್ಟೆ ತುಂಬ ಉಂಡೆವು. ತಿರುಗಿ ಬರುವಾಗ ಟಿಕೋಟಾ ಮುಟ್ಟುವವರೆಗೂ ನಮ್ಮವರ ಬಾಯಿಗೆ ಬಿಡುವಿರಲಿಲ್ಲ. ಅದಾದ ಮೇಲೆ ನಲವತ್ತು ವರ್ಷಕ್ಕೂ ಮಿಕ್ಕಿ ಮಾತಾಡಿದರು. ಕೊನೆಕೊನೆಗೆ ನಾನೇ ಸಾಕು ಮಾಡ್ರಿ ಎನ್ನುತ್ತಿದ್ದೆ. ಯಾಕೆ ಅಂದೆನೋ. ಅವರು ಹೋದ ಮೇಲೆ ಈ ಮನೆಯಲ್ಲಿ ಗಡಿಯಾರಕ್ಕೆ ಮಾತ್ರ ಬಾಯಿ ಉಳಿದಿದೆ.

“ದೊಡ್ಡವ್ವಾ, ಅಷ್ಟೊತ್ತಿನಿಂದ ಮೂಸಾಕತ್ತಿ,” ಎಂದ ಶಿವಪ್ಪ. “ಏನ ವಾಸನಿ ಬರ್ತೈತಿ?”

ಖಾಜಾನಿಗೆ ಅದರಲ್ಲಿ ತಾಯಿ ಸಿಕ್ಕಿದ್ದಳು. ನಮ್ಮವರಿಗೆ ಖಾಜಾ ಸಿಕ್ಕಿದ್ದ. ನಾನು ಕಣ್ಣು ತೆರೆಯಲಿಲ್ಲ.

“ನಿಮ್ಮ ದೊಡ್ಡಪ್ಪ ಬಂದಾರ,” ಎಂದೆ. “ನೀ ಒಂಚೂರು ಸುಮ್ನ ಕೂಡು.”