ಕಾಕಾ ಮತ್ತು ಎಡಗಡೆಯ ನಟ್ಟು

ಕಳೆದ ತಿಂಗಳು ಕೊರಿಯರ್‌ನಲ್ಲಿ ಬಂದ ಪೊಟ್ಟಣ ಹರಿದಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಎರಡು ಕಪ್ಪು ಬುಷ್, ಗಾಡಿಯ ಹಿಂದಿನ ಸರಳಿಗೆ ಹಾಕುವಂಥವು. ಆ ವಾಸನೆಗೆ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಎದುರುಮನೆಯ ಫಿಟ್ಟರ್ ಕಾಕಾ ನೆನಪಾದರೆ ನನಗೆ ಇಂದಿಗೂ ಹಾಗೇ ಆಗುತ್ತದೆ...

ಕಾಕಾ ವಾಡಿಯಲ್ಲಿ ರೈಲ್ವೆ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಹೆಂಡತಿ ಕಾಕು ಜೊತೆ ಸೇಡಂಗೆ ಬಂದು, ನಮ್ಮ ಮನೆಯ ಎದುರಿಗೇ ನೆಲೆಸಿದ್ದರು. ಓಣಿಯಲ್ಲಿ ಯಾರ ಮನೆಯಿಂದ ಸುತ್ತಿಗೆಯ ಸದ್ದು ಕೇಳಿದರೂ ಅವರ ಚಪ್ಪಲಿ ಆ ಕಡೆ ಹೊರಡುತ್ತಿತ್ತು. ಹೋದವರು ತಾವು ಕೈ ಹಚ್ಚುತ್ತಿದ್ದರೇ? ಇಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, "ನಾ ಹೇಳ್ತೀನಿ, ನೀವ್ ಮಾಡ್ರಿ" ಅನ್ನುತ್ತಿದ್ದರು. ನಲ್ಲಿಯ ವಾಷರ್ ಬದಲಿಸುವುದಕ್ಕೂ ಅವರ ಪ್ರಕಾರ ಒಂದೇ ಒಂದು ಸರಿಯಾದ ದಾರಿ ಇತ್ತು, ಮತ್ತು ಆ ದಾರಿಯಲ್ಲಿ ಒಂದು ದಿನ ಪೂರ್ತಿ ಹೋಗುತ್ತಿತ್ತು.

ನಾನು ಕುಂಚಾವರಂ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಸೇಡಂನಿಂದ ಹೋಗಿ ಬರಬೇಕಾದ್ದರಿಂದ ಒಂದು ಹಳೆಯ ಎತ್ತರದ ಗಾಡಿ ಕೊಂಡಿದ್ದೆ. ನೆಟ್ಟಗಿನ ರಸ್ತೆಯಲ್ಲಿ ಅದು ಚಿನ್ನದಂಥ ಗಾಡಿ. ಚಿಂಚೋಳಿ ದಾಟಿ ಕಾಡಿನ ತಿರುವುಗಳು ಶುರುವಾದರೆ ಮಾತ್ರ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಆ ಕಡೆ ಈ ಕಡೆ ವಾಲುತ್ತಿತ್ತು. ಚಿಂಚೋಳಿಯಲ್ಲಿ ಹತ್ತುತ್ತಿದ್ದ, ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುವ ಅಕ್ಕೋರು ವಾಂತಿಗೆಂದು ಪ್ಲಾಸ್ಟಿಕ್ ಚೀಲ ಕೈಯಲ್ಲೇ ಹಿಡಿದು ಕೂಡುತ್ತಿದ್ದರು. ಒಂದು ದಿನ ತಿರುವಿನಲ್ಲಿ ಎದುರಿಗೆ ಟೆಂಪೋ ಬಂದು, ನಾನು ಗಕ್ಕನೆ ಸ್ಟೇರಿಂಗ್ ತಿರುಗಿಸಿದಾಗ ಗಾಡಿ ಇನ್ನೇನು ಮಗುಚಿತು ಎನ್ನುವಷ್ಟು ವಾಲಿತು. ಮರುದಿನದಿಂದ ಅವರು ಬಸ್ಸಿಗೆ ಹೋದರು.

ಇದಕ್ಕೆ ಏನು ಮಾಡಬೇಕೆಂದು ಹುಡುಕಿದಾಗ ಸ್ವೇ ಬಾರ್ ಎಂಬ ವಸ್ತು ಸಿಕ್ಕಿತು. ತಿರುವಿನಲ್ಲಿ ಗಾಡಿ ಒಂದೇ ಬದಿಗೆ ಒರಗದಂತೆ ಹಿಂದಿನ ಎರಡೂ ಬದಿಗಳನ್ನು ಜೋಡಿಸಿ ಹಿಡಿಯುವ ಬಾಗಿದ ಉಕ್ಕಿನ ಸರಳು ಅದು. ನನ್ನ ಗಾಡಿಗೆ ಕಂಪನಿ ಅದನ್ನು ಹಾಕಿರಲಿಲ್ಲ. ಬೇರೆಯವರು ಮಾಡಿದ್ದನ್ನು ತರಿಸಿದೆ. ನಮ್ಮೂರ ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ, "ಇದ್ಯಾಕ್ರಿ ಅಕ್ಕೋರ? ನಿಧಾನ ಹೊಡೀರಿ, ಮುಗೀತು" ಎಂದ. ನನಗೆ ರೇಗಿತು. ನಾನೇ ಹಾಕುತ್ತೇನೆ ಎಂದು ನಾಲ್ಕು ವಿಡಿಯೋ ನೋಡಿ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಹಳೆಯ ಪ್ಯಾಂಟು ತೊಟ್ಟು, ಅಂಗಳದಲ್ಲಿ ಜಾಕ್ ಏರಿಸಿ ಗಾಡಿಯ ಕೆಳಗೆ ತೂರಿದೆ.

ಎರಡು ನಿಮಿಷವೂ ಆಗಿರಲಿಲ್ಲ. ಚಪ್ಪಲಿ ಬಂದವು.

"ಏನ್ ಮಾಡಾಕತ್ತೀರಿ ಅಕ್ಕೋರ? ಮೊದಲ ಹೊರಗ ಬರ್ರಿ."

"ಒಂದ್ ಬೋಲ್ಟ್ ಹಾಕಿ ಬರ್ತೀನ್ರಿ ಕಾಕಾ."

"ಹೊರಗ ಬರ್ರಿ ಅಂದೆ."

ಬಂದೆ. ಅಂಗಳಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ. ಅಷ್ಟು ನುಣುಪಾದ ಕಲ್ಲಿನ ಮೇಲೆ ಬರೀ ಜಾಕ್ ನಂಬಿ ಮಲಗುವವರಿಗೆ ಯಾರು ವಿಜ್ಞಾನ ಕಲಿಸಲು ಹೇಳಿದರು ಎಂದು ಅವರು ಓಣಿಗೆಲ್ಲ ಕೇಳುವಂತೆ ವಿಚಾರಿಸಿದರು. ಆಮೇಲೆ ಮನೆಗೆ ಹೋಗಿ ಹಳೆಯ ರೈಲು ಸ್ಲೀಪರಿನ ಮರದ ತುಂಡುಗಳನ್ನು ಒಂದೊಂದಾಗಿ ತಂದರು. ನಾಲ್ಕು ತುಂಡು, ನಾಲ್ಕು ಸಲ. ನಾನು ಎತ್ತಿಕೊಂಡು ಬರುತ್ತೇನೆ ಎಂದರೆ ಬಿಡಲಿಲ್ಲ. ಅವನ್ನು ಚಾಸಿಯ ಕೆಳಗೆ ಜೋಡಿಸಿ, ಗಾಡಿಯನ್ನು ಅವುಗಳ ಮೇಲೆ ಇಳಿಸಿ, ನನ್ನ ಕೈಯಿಂದಲೇ ಅಲುಗಾಡಿಸಿ ತೋರಿಸುವ ಹೊತ್ತಿಗೆ ನಾಷ್ಟಾದ ಸಮಯ ಮೀರಿತ್ತು.

ಮುಂದಿನದು ಹೇಳುವುದೇ ಬೇಡ. ಪ್ರತಿ ಬೋಲ್ಟಿನ ಎಳೆಗಳನ್ನು ತಂತಿಯ ಬ್ರಶ್ಶಿನಿಂದ ತಿಕ್ಕಿಸಿದರು. ನಟ್ಟು ತಿರುಗಿಸುವ ಪಾನಾ ಹಿಡಿದ ರೀತಿ ಸರಿಯಿಲ್ಲವೆಂದು ಮೂರು ಸಲ ಬಿಚ್ಚಿಸಿದರು. ಮಧ್ಯಾಹ್ನ ಎಲ್ಲ ಕೂಡಿಸಿ ಇನ್ನೇನು ನಟ್ಟು ಬಿಗಿ ಮಾಡಬೇಕು, "ತಡೀರಿ" ಎಂದರು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿ ಮಾಡಬಾರದಂತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಮಾಡಬೇಕಂತೆ. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದಂತೆ. ನಾನು ನೋಡಿದ ವಿಡಿಯೋದಲ್ಲಿ ಹಾಗೇನೂ ಇರಲಿಲ್ಲ ಎಂದು ವಾದಿಸಿದೆ. "ಹಾಂಗಾದ್ರ ಆ ಕಾಗದ ಓದ್ರಿ" ಎಂದರು. ಸರಳಿನ ಜೊತೆ ಬಂದಿದ್ದ ಇಂಗ್ಲಿಷ್ ಹಾಳೆ ಅದು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಜಂಭದಿಂದ ಸಾಲುಸಾಲಾಗಿ ಓದಿ ಅರ್ಥ ಹೇಳುತ್ತಾ ಹೋದೆ. ಕೊನೆಯ ಸಾಲಿನಲ್ಲಿ ಕಾಕಾ ಹೇಳಿದ್ದೇ ಇತ್ತು. ಅಕ್ಷರಕ್ಕೆ ಅಕ್ಷರ. ನಾನು ಅದನ್ನು ಎಷ್ಟು ಮೆತ್ತಗೆ ಓದಿದರೂ ಅವರಿಗೆ ಕೇಳಿಸಿತು.

ಸರಿ, ಸ್ಲೀಪರಿನ ತುಂಡುಗಳನ್ನು ಈಗ ಚಕ್ರದ ಕೆಳಗೆ ಕೊಟ್ಟು, ಭಾರ ಬೀಳಿಸಿ, ಬಿಗಿ ಮಾಡಿ ಮುಗಿಸಿದಾಗ ಬಿಸಿಲು ಇಳಿದಿತ್ತು. ಎರಡು ತಾಸಿನ ಕೆಲಸಕ್ಕೆ ಇಡೀ ಭಾನುವಾರ! ಆದರೆ ಸೋಮವಾರ ಕಾಡಿನ ತಿರುವುಗಳಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡಂತೆ ಹೋಯಿತು. ವಾರದೊಳಗೆ ಹಿಂದಿ ಅಕ್ಕೋರು ಚೀಲವಿಲ್ಲದೆ ಮರಳಿ ಬಂದರು.

ಅಲ್ಲಿಗೆ ಮುಗಿಯಬೇಕಿತ್ತು. ಹೊಸ ನಟ್ಟು ನಾಲ್ಕು ದಿನ ಓಡಿದ ಮೇಲೆ ಸಡಿಲಾಗುತ್ತದೆ, ಮತ್ತೊಮ್ಮೆ ನೋಡಬೇಕು ಎಂದು ಕಾಕಾ ಹೇಳಿದ್ದರು. ನೋಡಿದೆ. ಆದರೂ ಪ್ರತಿ ದಿನ ಬೆಳಿಗ್ಗೆ ನಾನು ಗೇಟು ತೆಗೆಯುವ ಹೊತ್ತಿಗೆ ಎದುರಿನಿಂದ ಅದೇ ಪ್ರಶ್ನೆ: "ನಟ್ಟು ನೋಡಿದ್ರಿ?" ಮಳೆ ಇರಲಿ, ಪರೀಕ್ಷೆ ಇರಲಿ, ನನಗೆ ಜ್ವರ ಇರಲಿ. ತಿಂಗಳುಗಟ್ಟಲೆ. ಒಂದು ದಿನ ತಡೆಯಲಾಗಲಿಲ್ಲ. ಓಣಿಯವರೆಲ್ಲ ನೀರು ಹಿಡಿಯುತ್ತಿದ್ದ ಹೊತ್ತು.

"ಸಾಕ್ ಮಾಡ್ರಿ ಕಾಕಾ! ನಾ ಏನ್ ಸಣ್ಣ ಹುಡುಗಿ ಅಲ್ಲ. ನಿಮ್ಮ ಕೆಲಸ ನೀವ್ ನೋಡ್ಕೋರಿ."

ಮರುದಿನದಿಂದ ಅವರು ಕೇಳುವುದನ್ನು ಬಿಟ್ಟರು. ಅದರ ಬದಲು ನಾನು ಹೊರಡುವಾಗ ತಮ್ಮ ಗೇಟಿನಲ್ಲಿ ನಿಂತು, ಕುತ್ತಿಗೆ ವಾಲಿಸಿ, ಗಾಡಿಯ ಸದ್ದು ಕೇಳುತ್ತಿದ್ದರು. ಅದು ಇನ್ನೂ ಸಹಿಸಲಾಗದ ಹಿಂಸೆ...

ಮುಂದೊಂದು ಮಧ್ಯಾಹ್ನ, ನನಗೆ ರಜೆ. ಕಾಕು ಬರಿಗಾಲಿನಲ್ಲಿ ಓಡಿ ಬಂದರು. ಕಾಕಾಗೆ ಎದೆ ಹಿಡಿದುಕೊಂಡಿತ್ತು. ಇಲ್ಲಿಯ ಡಾಕ್ಟರು ನೋಡಿ ಮಾತ್ರೆ ಕೊಟ್ಟು, ತಡ ಮಾಡದೆ ಕಲಬುರಗಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಆಡಕಿ ಕಡೆ ಹೋಗಿತ್ತು. ಕಾಯುವ ಧೈರ್ಯ ನನಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಕು ತೊಡೆಯ ಮೇಲೆ ಅವರ ತಲೆ ಇಟ್ಟು ಹೊರಟೆ.

ಮಳಖೇಡ ಬಂದಿರಲಿಲ್ಲ, ಹಿಂದಿನಿಂದ ದನಿ.

"ಅಕ್ಕೋರ, ಗಾಡಿ ನಿಂದ್ರಸ್ರಿ."

"ಯಾಕ್ರಿ ಕಾಕಾ? ಭಾಳ ನೋಯ್ಲಿಕತ್ತದೇನು?"

"ಎದಿ ಇರ್ಲಿ. ಎಡಗಡೆ ಟಕ್ ಟಕ್ ಅನ್ಲಿಕತ್ತದ. ಸರಳಿನ ಲಿಂಕಿನ ನಟ್ಟು ಲೂಸ್ ಆಗ್ಯಾದ. ಇಳದ್ ನೋಡ್ರಿ."

ನಾನು ಅಕ್ಸಲರೇಟರ್ ಇನ್ನಷ್ಟು ಒತ್ತಿದೆ. ಕಾಕು ಅಳುತ್ತಾ ಬಾಯಿ ಮುಚ್ಚಿಕೊಂಡಿರಿ ಎಂದು ಬೇಡಿಕೊಂಡರು. ಆ ಮನುಷ್ಯ ಬಾಯಿ ಮುಚ್ಚಲಿಲ್ಲ. ಉಸಿರಿಗೆ ತಡಕಾಡುತ್ತಾ, ಪ್ರತಿ ತಗ್ಗಿಗೂ "ಅಲ್ಲಿ... ಕೇಳ್ರಿ... ಮತ್ತ ಅಂತು" ಎನ್ನುತ್ತಿದ್ದರು. ಕಣ್ಣೀರು ಒರೆಸಿಕೊಳ್ಳುತ್ತಾ ನಾನು ಅವರನ್ನು ಬೈಯುತ್ತಿದ್ದೆ. ಕಲಬುರಗಿ ಮುಟ್ಟುವವರೆಗೂ ನಾವಿಬ್ಬರೂ ಜಗಳವಾಡಿದೆವು.

ಸಂಜೆ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟಾಗ ಕಾಕಾರ ದನಿ ತೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ, "ನೋಡಿದ್ರಿ?" ಎಂದರು.

"ನೋಡೀನ್ರಿ ಕಾಕಾ. ಪಾನಾ ಹಚ್ಚಿ ಬಿಗಿ ಮಾಡೀನಿ. ಈಗ ಬರೋಬ್ಬರಿ ಅದ" ಎಂದೆ. ಹಸಿ ಸುಳ್ಳು. ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದವಳು ತಿರುಗಿಯೂ ನೋಡಿರಲಿಲ್ಲ. ಅವರು ಕೈ ಚಾಚಿ ನನ್ನ ಕೈ ಹಿಡಿದರು, ಅಂಗೈ ಮೇಲೆ ಮಾಡಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಆಮೇಲೆ ತಲೆಯಾಡಿಸಿ ಕಣ್ಣು ಮುಚ್ಚಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೊಂದೇ ಸಲ.

ಮರುದಿನ ಸೇಡಂನಲ್ಲಿ ಗಾಡಿಯ ಕೆಳಗೆ ತೂರಿ ನೋಡಿದೆ. ಎಡಗಡೆಯ ನಟ್ಟು ಬೆರಳಿನಲ್ಲಿ ತಿರುಗುವಷ್ಟು ಸಡಿಲಾಗಿತ್ತು. ಬಿಗಿ ಮಾಡಿದೆ. ಹೋಗಿ ನಿಜ ಹೇಳಬೇಕು, ಬೈಸಿಕೊಳ್ಳಬೇಕು ಎಂದುಕೊಂಡೆ. ಅದರ ಮರುದಿನ ಹೊರಡುವಷ್ಟರಲ್ಲಿ ಫೋನು ಬಂತು...

ಅವರು ನನ್ನ ಕೆಲಸವನ್ನು ಪರೀಕ್ಷೆ ಮಾಡದೆ ನಂಬಿದ್ದು ಒಂದೇ ಸಲ, ಆ ಸಲವೇ ನಾನು ಸುಳ್ಳು ಹೇಳಿದೆ. ಎರಡು ವರ್ಷ ಇದು ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಹೊಸ ಬುಷ್ ಹಾಕಿದ ಮರುವಾರ ಚಿತ್ತಾಪುರದ ಮೇಲೆ ವಾಡಿಗೆ ಹೋದೆ. ಕಾಕು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಚಹಾ ಕುಡಿಯುತ್ತಾ, ತಡವರಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ.

ಕಾಕು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ಅವರಿಗಿ ಗೊತ್ತಿತ್ತರಿ ಅಕ್ಕೋರ. ನೀವು ಹೊರಗ ಹೋದ ಮ್ಯಾಲ ಅಂದ್ರು, 'ಕೈ ತಿರುಗಿಸಿ ನೋಡ್ದೆ. ಒಂದ್ ಗ್ರೀಸಿನ ಕಲೆ ಇಲ್ಲ. ಗಾಡಿ ಕೆಳಗ ಹೋಗಿದ್ರ ಕೈ ಹಾಂಗ ಇರ್ತದೇನು?' ಅಂತ."

ನಾನು ಬಟ್ಟಲು ಕೆಳಗಿಟ್ಟೆ. ಪ್ರೀತಿಯಿಂದ ಹಿಡಿದರೆಂದು ಎರಡು ವರ್ಷ ನೆನೆನೆನೆದು ಅತ್ತಿದ್ದ ಆ ಕೈ! ಸಾಯುವ ಹೊತ್ತಿನಲ್ಲೂ ತಪಾಸಣೆ ಮಾಡುತ್ತಿದ್ದರು ಮಹಾನುಭಾವರು.

"ಮತ್ತ ನನಗ್ಯಾಕ ಏನೂ ಅನ್ಲಿಲ್ರಿ?"

"ನಾನೂ ಕೇಳ್ದೆ. 'ಅಕ್ಕೋರು ಗಾಡಿ ನಿಂದ್ರಸಲಿಲ್ಲ, ಛಲೋ ಮಾಡಿದ್ರು. ನಿಂದ್ರಸಿದ್ರ ನಾ ಇಲ್ಲಿತನ ಬರ್ತಿದ್ದಿಲ್ಲ' ಅಂದ್ರು."

ಮರಳಿ ಬರುವಾಗ ಚಿತ್ತಾಪುರ ದಾಟಿದ ಮೇಲೆ, ತೊಗರಿ ಹೊಲದ ಪಕ್ಕ ಗಾಡಿ ನಿಲ್ಲಿಸಿದೆ. ನಗು, ಅಳು, ಸಿಟ್ಟು ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ. ಛಲೋ ಮಾಡಿದ್ರಿ ಎಂಬ ಆ ಒಂದು ಮಾತನ್ನು ನನ್ನ ಮುಖಕ್ಕೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಜಗಳ ತೆಗೆದು ಕೇಳಲೇಬೇಕಾದ ಪ್ರಶ್ನೆ. ಕೇಳಿಸಿಕೊಳ್ಳುವವರು ಮಾತ್ರ ಇಲ್ಲ.