ಸಿಡುಬಿನ ಚಪ್ಪರದ ಮೂವರು

ಅಳದಂಗಡಿಯ ಹತ್ತಿರದ ಪ್ರಾಥಮಿಕ ಶಾಲೆಗೆ ನಾನು ಟೀಚರಾಗಿ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ನನ್ನ ಊರು ಬಂಟ್ವಾಳ, ವಯಸ್ಸು ಇಪ್ಪತ್ತು. ಶಾಲೆಯ ಪಕ್ಕದ ಮನೆಯೊಂದರಲ್ಲಿ ಕೋಣೆ ಹಿಡಿದಿದ್ದೆ. ಮೂರನೆಯ ತಿಂಗಳಲ್ಲಿ ಜ್ವರ ಬಂತು. ನಾಲ್ಕನೆಯ ದಿನ ಹಣೆಯಲ್ಲಿ ಗುಳ್ಳೆಗಳು ಎದ್ದಾಗ ಮನೆಯೊಡತಿ ಬಾಗಿಲಲ್ಲೇ ನಿಂತು ನೋಡಿದಳು. ಸಿಡುಬು ಎಂಬ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಒಂದು ತಂಬಿಗೆ ನೀರು, ಒಂದಿಷ್ಟು ಕಹಿಬೇವು ಹೊಸ್ತಿಲೊಳಗಿಟ್ಟು, ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅವಳನ್ನು ನಾನು ಬಯ್ಯಲಾರೆ. ಮಕ್ಕಳಿದ್ದವಳು.

ಮಧ್ಯಾಹ್ನ ಮೂವರು ಬಂದರು. ಮುಂದೆ ಬಂದವರು ಬಿಳಿ ಸೀರೆಯ ಜೈನ ಹೆಂಗಸು, ಮೂಡಬಿದ್ರೆ ಕಡೆಯ ದೊಡ್ಡ ಮನೆತನದ ವಿಧವೆ. ಊರೆಲ್ಲ ಅವರನ್ನು ಅಕ್ಕ ಎನ್ನುತ್ತಿತ್ತು. ಹಿಂದೆ ಒಣಮೀನಿನ ಅಂಗಡಿಯ ಮುಸಲ್ಮಾನ ಬ್ಯಾರಿ, ಮತ್ತು ಇಗರ್ಜಿಯ ಪಾದ್ರಿ. ದಿಕ್ಕಿಲ್ಲದ ರೋಗಿಗಳಿಗಾಗಿ ಈ ಮೂವರು ಸೇರಿ ಒಂದು ಸಹಾಯ ಸಂಘ ಕಟ್ಟಿದ್ದಾರೆಂದು ಕೇಳಿದ್ದೆ. ಅದಕ್ಕೆ ಬೋರ್ಡಿರಲಿಲ್ಲ, ಕಚೇರಿಯಿರಲಿಲ್ಲ. ಗುಡ್ಡದ ಬದಿಯಲ್ಲಿ ತೆಂಗಿನ ಮಡಲಿನ ಚಪ್ಪರವೊಂದಿತ್ತು, ಅಷ್ಟೆ.

"ಟೀಚರೇ, ಹೋಗುವ," ಎಂದರು ಅಕ್ಕ. "ಅಲ್ಲಿ ನೋಡಿಕೊಳ್ಳಲಿಕ್ಕೆ ನಾವು ಉಂಟು."

ಗಾಡಿಯವನು ಬರಲು ಒಪ್ಪಿರಲಿಲ್ಲ. ಬ್ಯಾರಿ ಕಂಬಳಿಯನ್ನು ಬಿದಿರಿಗೆ ಜೋಲಿಯಂತೆ ಕಟ್ಟಿದರು. ಪಾದ್ರಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಮುಂದಿನ ತುದಿಗೆ ಹೆಗಲು ಕೊಟ್ಟರು. ನನ್ನ ಮುಖಕ್ಕೆ ಬಿಸಿಲು ಬೀಳದಂತೆ ಅಕ್ಕ ಕೊಡೆ ಹಿಡಿದು ನಡೆದರು. ದಾರಿಯುದ್ದಕ್ಕೂ ಮನೆಗಳ ಬಾಗಿಲು ಮುಚ್ಚುವ ಸದ್ದು.

"ಮೆಲ್ಲ ಹೋಗಿ ಮಾರಾಯ್ರೇ ಫಾದರ್, ನೀವು ಓಡ್ತೀರಿ," ಎಂದು ಬ್ಯಾರಿ ಹಿಂದಿನಿಂದ ಗೊಣಗಿದ್ದು ಆ ಜ್ವರದಲ್ಲೂ ಕೇಳಿಸಿತು.

ಎಳೆ ಬಾಳೆಲೆಯ ಮೇಲೆ ಎಷ್ಟು ದಿನ ಮಲಗಿದ್ದೆನೋ ತಿಳಿಯದು. ಮೈಗೆ ಬಟ್ಟೆ ತಾಗಿದರೂ ಉರಿಯುತ್ತಿತ್ತು. ಅಕ್ಕ ಗಂಜಿಯ ತಿಳಿಯನ್ನು ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದರು. ಕಣ್ಣು ಬಿಡಲು ಸಾಧ್ಯವಾದಾಗ ಮೊದಲು ಕಂಡದ್ದು ಅವರ ಮುಖದ ಹಳೆಯ ಕಲೆಗಳು. ಬ್ಯಾರಿಯ ಮುಖದಲ್ಲೂ ಇದ್ದವು. ಒಮ್ಮೆ ಬಂದವರಿಗೆ ಸಿಡುಬು ಮತ್ತೆ ಬರುವುದಿಲ್ಲ. ಪಾದ್ರಿಯ ಮುಖ ಮಾತ್ರ ನುಣ್ಣಗಿತ್ತು. ಅವರಿಗಿದ್ದದ್ದು ಚಿಕ್ಕಂದಿನಲ್ಲಿ ತೋಳಿಗೆ ಚುಚ್ಚಿಸಿಕೊಂಡ ಲಸಿಕೆಯ ಗುರುತೊಂದೇ.

"ನಿಮಗೆ ಹೆದರಿಕೆ ಇಲ್ಲವಾ ಫಾದರ್?" ಎಂದು ಕೇಳಿದೆ.

"ಇಲ್ಲದೆ ಉಂಟಾ? ಬೆಳಿಗ್ಗೆ ಎದ್ದು ಮೊದಲು ಕೈ ನೋಡಿಕೊಳ್ತೇನೆ. ಮತ್ತೆ ಪೂಜೆಗೆ ಹೋಗ್ತೇನೆ."

ತಟ್ಟಿಯ ಆಚೆ ಗಂಡಸರಿದ್ದರು. ಅವರಲ್ಲೊಬ್ಬ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದ ಮುದುಕ. ನಾನು ಎದ್ದು ಕೂರುವಷ್ಟಾದಾಗ ಅವನ ಸ್ಥಿತಿ ಕೆಟ್ಟಿತು.

"ಅಕ್ಕಾ, ನನಗೆ ಮಗ ಇಲ್ಲ. ಬೆಂಕಿ ಕೊಡುವವರು ಯಾರು?" ಎಂದು ಅವನು ಕೇಳಿದ್ದು ನನ್ನ ಕಿವಿಗೂ ಬಿತ್ತು.

"ನಾನು ಕೊಡ್ತೇನೆ."

"ಹೆಂಗಸರು ಕೊಡ್ಲಿಕ್ಕುಂಟಾ?"

"ಇಲ್ಲಿವರೆಗೆ ಇರಲಿಲ್ಲ. ನಾನು ಕೊಡ್ತೇನೆ."

ಮರುದಿನ ಮಧ್ಯಾಹ್ನದ ಮೇಲೆ ಅವನು ತೀರಿಕೊಂಡ. ಪಾದ್ರಿಯೂ ಬ್ಯಾರಿಯೂ ದೇಹವನ್ನು ತೊಳೆದು, ಚಪ್ಪರದೆದುರಿನ ಬಯಲಿಗೆ ಹೊತ್ತೊಯ್ದರು. ಮಾವಿನ ಕಟ್ಟಿಗೆ ತಂದು ರಾಶಿ ಹಾಕಿದರು. ನಾನು ಚಪ್ಪರದ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅಕ್ಕ ರಾಶಿಯ ಮುಂದೆ ಕೂತು ಒಂದು ಕೊರಡನ್ನು ಎತ್ತಿ ಕಲ್ಲಿಗೆ ಕುಟ್ಟಿದರು. ಅದರ ಸೀಳಿನಿಂದ ಇರುವೆಗಳು ಉದುರಿದವು. ಬೆರಳಿನಿಂದ ಸೀಳನ್ನು ಸವರಿ ನೋಡಿ ಆ ಕೊರಡನ್ನು ಪಕ್ಕಕ್ಕಿಟ್ಟರು. ಆಮೇಲೆ ಇನ್ನೊಂದು.

"ಅಕ್ಕಾ, ಹೊತ್ತು ಮುಳುಗ್ತದೆ," ಎಂದರು ಬ್ಯಾರಿ. ಹೊತ್ತು ಮುಳುಗಿದ ಮೇಲೆ ಅಕ್ಕ ಉಣ್ಣುವವರಲ್ಲ. ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಮುಳುಗಲಿ. ಇವು ಯಾಕೆ ಸಾಯಬೇಕು?"

ಬ್ಯಾರಿ ಪಾದ್ರಿಯ ಮುಖ ನೋಡಿದರು. ಪಾದ್ರಿ ನೆಲಕ್ಕೆ ಕುಳಿತು ಒಂದು ಕೊರಡು ಎತ್ತಿಕೊಂಡರು. ಬ್ಯಾರಿಯೂ ಕುಳಿತರು. ಮೂವರೂ ಆ ಮುದುಕನ ಪಕ್ಕದಲ್ಲಿ ರಾಶಿಯ ಒಂದೊಂದು ಕೊರಡನ್ನೂ ಕುಟ್ಟಿ ಕೊಡವಿದರು. ಕೊನೆಗೆ ಚಿತೆ ಒಟ್ಟಿ ದೇಹವನ್ನು ಅದರ ಮೇಲಿಟ್ಟ ಮೇಲೆ ಅಕ್ಕ ಸೆರಗು ಬಿಗಿದು ಬೆಂಕಿ ಕೊಟ್ಟರು. ದೊಡ್ಡವರು ಎಂಬ ಮಾತನ್ನು ಅಲ್ಲಿಯವರೆಗೆ ಎಷ್ಟು ಹಗುರವಾಗಿ ಆಡಿದ್ದೆ ಅನ್ನಿಸಿತು.

ಮುಖದ ತುಂಬ ಕಲೆ ಹೊತ್ತು ಶಾಲೆಗೆ ಮರಳಿದಾಗ ಮೊದಲ ವಾರ ಒಂದು ಮಗುವೂ ಬರಲಿಲ್ಲ. ಮೊದಲು ಕಳಿಸಿದವಳು ಆ ಮನೆಯೊಡತಿಯೇ. ಇಬ್ಬರನ್ನೂ ಕೈಹಿಡಿದು ತಂದು ಬಿಟ್ಟು, ನನ್ನ ಮುಖ ನೋಡಲಾರದೆ ಅತ್ತಳು. ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಮರುವರ್ಷ ಚಾರ್ಮಾಡಿ ಕಡೆಯಿಂದ ರೋಗಿಗಳು ಬಂದ ಸುದ್ದಿ ಕೇಳಿ ಶಾಲೆ ಬಿಟ್ಟವಳೇ ಗುಡ್ಡ ಹತ್ತಿದೆ. "ನನಗೆ ಇನ್ನು ಬರುವುದಿಲ್ಲವಲ್ಲ ಅಕ್ಕ, ಏನಾದರೂ ಕೆಲಸ ಕೊಡಿ," ಎಂದೆ. ಅವರು ಗಂಜಿಯ ಬಟ್ಟಲನ್ನು ನನ್ನ ಕೈಗಿತ್ತು, ಮೂಲೆಯಲ್ಲಿ ನರಳುತ್ತಿದ್ದ ಹೆಂಗಸನ್ನು ತೋರಿಸಿದರು.